ಹಡಗು ನಡೆಯುತ್ತಿದ್ದ ಹೊತ್ತೇ ಚೆಂದ

ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗುವ ಹಡಗು ಹತ್ತಲು ನಮಗೆ ಕೆನಡಾದ ವೀಸಾ ಬೇಕಾಯಿತು. ಹೊರಡುವುದು ಅಮೆರಿಕದಿಂದ, ಹೋಗುವುದು ಅಮೆರಿಕದ್ದೇ ಒಂದು ರಾಜ್ಯಕ್ಕೆ, ಮರಳುವುದೂ ಅಲ್ಲಿಗೇ. ಮಧ್ಯೆ ಕೆನಡಾ ಎಲ್ಲಿಂದ ಬಂತು ಅಂತ ನಮ್ಮ ಮನೆಯವರು ಮಗಳ ಹತ್ತಿರ ಫೋನಿನಲ್ಲೇ ವಾದಕ್ಕೆ ಇಳಿದರು. ಕಾರಣ 1886ರ ಒಂದು ಕಾನೂನು. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ಅಮೆರಿಕದ್ದೇ ಊರುಗಳನ್ನು ತೋರಿಸಿಕೊಂಡು ಬರುವುದಾದರೆ ನಡುವೆ ಒಂದು ಪರದೇಶದ ಬಂದರನ್ನು ಮುಟ್ಟಲೇಬೇಕು. ದೊಡ್ಡ ಪ್ರವಾಸಿ ಹಡಗುಗಳು ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾ ಅಂತ ಎಲ್ಲೆಲ್ಲೋ ನೋಂದಣಿಯಾದವು. ಹಾಗಾಗಿ ವಾಪಸ್ ಬರುವಾಗ ವಿಕ್ಟೋರಿಯಾ ಎಂಬ ಕೆನಡಾದ ಊರಿನಲ್ಲಿ ಒಂದು ಸಂಜೆ ನಿಲ್ಲುತ್ತವೆ. ಅಲ್ಲಿ ಇಳಿಯದೆ ರೂಮಿನಲ್ಲೇ ಮಲಗಿದ್ದರೂ ವೀಸಾ ಬೇಕು ಎಂದು ಬುಕಿಂಗ್ ಮಾಡುವಾಗಲೇ ಹೇಳಿದ್ದರು. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನು ಈ ಹಡಗಿಗೆ ಕರೆದೊಯ್ಯುವ ಯೋಚನೆ ಇದ್ದವರು ಟಿಕೆಟ್‌ಗಿಂತ ಮೊದಲು ಇದನ್ನು ನೋಡಿಕೊಳ್ಳಬೇಕು. ಅಮೆರಿಕದ ವೀಸಾ ಕೂಡ ಮಲ್ಟಿಪಲ್ ಎಂಟ್ರಿಯದ್ದೇ ಆಗಿರಬೇಕು, ಯಾಕೆಂದರೆ ವಿಕ್ಟೋರಿಯಾದಿಂದ ಮತ್ತೆ ಅಮೆರಿಕದೊಳಗೆ ಬರಬೇಕಲ್ಲ.

ಇನ್ನು ರೂಮು. ಹಡಗಿನಲ್ಲಿ ಒಳಗಿನ ರೂಮು, ಕಿಟಕಿಯ ರೂಮು, ಬಾಲ್ಕನಿಯ ರೂಮು ಅಂತ ದರ್ಜೆಗಳಿವೆ. ಒಳಗಿನದಕ್ಕೂ ಬಾಲ್ಕನಿಯದಕ್ಕೂ ಹಣದಲ್ಲಿ ಬಹಳ ಅಂತರ. ಮಗಳು, ಅಳಿಯ, ಮೊಮ್ಮಗ ಬಾಲ್ಕನಿ ಹಿಡಿದರು. ನಮಗೂ ಅದೇ ಇರಲಿ ಅಂತ ಮಗಳದ್ದು ಒಂದೇ ಹಟ. ನಾನೇ ಬೇಡ ಅಂದೆ. ಒಳಗಿನ ರೂಮಿಗೆ ಕಿಟಕಿ ಇಲ್ಲ, ದೀಪ ಆರಿಸಿದರೆ ಗವ್ವನೆ ಕತ್ತಲು. ಜುಲೈನಲ್ಲಿ ಅಲ್ಲಿ ರಾತ್ರಿ ಹತ್ತರ ಹತ್ತಿರ ಸೂರ್ಯ ಮುಳುಗುತ್ತಾನೆ, ಬೆಳಗಿನ ನಾಲ್ಕೂವರೆಗೆ ಮತ್ತೆ ಬಂದುಬಿಡುತ್ತಾನೆ. ಬಾಲ್ಕನಿಯವರು ಪರದೆ ಎಳೆದೆಳೆದು ಸುಸ್ತಾದರು, ನಾವು ಹಾಯಾಗಿ ನಿದ್ದೆ ಮಾಡಿದೆವು. ಎದ್ದಿರುವ ಹೊತ್ತಿನಲ್ಲಿ ರೂಮಿನಲ್ಲಿ ಯಾರಿರುತ್ತಾರೆ? ನನ್ನ ಲೆಕ್ಕದಲ್ಲಿ ಆ ದುಡ್ಡು ಉಳಿಸುವುದೇ ಸರಿ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿ ಓಲಾಟ ಕಡಿಮೆ.

ಹತ್ತುವ ದಿನದ ಗಡಿಬಿಡಿ ವಿಮಾನ ನಿಲ್ದಾಣದ ಥರದ್ದೇ, ಹೆಚ್ಚು ಹೇಳುವಂಥದ್ದೇನಿಲ್ಲ. ಆದರೆ ಒಂದು ಮಾತು. ದೊಡ್ಡ ಸೂಟ್‌ಕೇಸುಗಳಿಗೆ ರೂಮ್ ನಂಬರಿನ ಚೀಟಿ ಕಟ್ಟಿ ಬಂದರಿನಲ್ಲೇ ಕೊಟ್ಟುಬಿಡಬೇಕು. ಅವು ರೂಮಿನ ಬಾಗಿಲಿಗೆ ಬಂದು ಸೇರುವಾಗ ಸಂಜೆಯಾಗುತ್ತದೆ. ಬಿಪಿ ಮಾತ್ರೆ, ಸ್ವೆಟರು, ಪಾಸ್‌ಪೋರ್ಟು ಇವೆಲ್ಲ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಬಿಡುವುದಿಲ್ಲ, ಬೆಂಕಿಯ ಭಯ. ಚಟ್ನಿಪುಡಿ, ಉಪ್ಪಿನಕಾಯಿ ಪ್ಯಾಕೆಟ್, ಗೊಜ್ಜವಲಕ್ಕಿ ಯಾರೂ ಕೇಳಲಿಲ್ಲ. ಮತ್ತೆ, ಹೇಳಲು ಸಂಕೋಚ, ಆದರೆ ಹೇಳಲೇಬೇಕು: ಒಂದು ಪ್ಲಾಸ್ಟಿಕ್ ಚೊಂಬು ತೆಗೆದುಕೊಂಡು ಹೋಗಿ. ನಮ್ಮವರಿಗೆ ಆ ಬಾತ್‌ರೂಮಿನಲ್ಲಿ ಅದಕ್ಕಿಂತ ಉಪಕಾರಿ ವಸ್ತು ಇನ್ನೊಂದಿಲ್ಲ.

ಹೊರಡುವ ಮುಂಚೆ ಸುರಕ್ಷತೆಯ ಪಾಠ. ಮೊದಲು ಎಲ್ಲರನ್ನೂ ಡೆಕ್ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರಂತೆ. ಈಗ ಮೊಬೈಲಿನಲ್ಲಿ ವಿಡಿಯೋ ನೋಡಿ, ನಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರಾಯಿತು. ಏಳು ಸಲ ಗಿಡ್ಡ ಸೈರನ್, ಆಮೇಲೆ ಒಂದು ಉದ್ದದ್ದು ಕೇಳಿದರೆ ಅಲ್ಲಿಗೆ ಓಡಬೇಕು. ಮೊಮ್ಮಗ ಆ ಸೈರನ್ನನ್ನು ಬಾಯಲ್ಲಿ ಊದಿಕೊಂಡು ವಾರವಿಡೀ ನಮ್ಮನ್ನು ಓಡಿಸಿದ.

ಮೊದಲ ರಾತ್ರಿ ಹಡಗು ಹುವಾನ್ ದೆ ಫುಕಾ ಜಲಸಂಧಿ ದಾಟಿ ತೆರೆದ ಸಮುದ್ರಕ್ಕೆ ಬಿತ್ತು. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಮಗ್ಗುಲಿನಿಂದ ಹೋಗುತ್ತವೆ. ಅಲ್ಲಿ ಪೆಸಿಫಿಕ್ ಸಾಗರದ ಅಲೆ ನೇರ ಬಂದು ತಾಗುತ್ತದೆ. ಹಾಸಿಗೆಯಲ್ಲಿ ಮಲಗಿದ್ದರೆ ತಲೆಯಿಂದ ಕಾಲಿನವರೆಗೆ ಯಾರೋ ಮೆಲ್ಲಗೆ ಎತ್ತಿ ಇಳಿಸಿದ ಹಾಗೆ. ನನಗೆ ಅದು ಹಿತವಾಗಿಯೇ ಇತ್ತು. ಇವರಿಗೆ ಮಾತ್ರ ಬೆಳಗ್ಗೆ ತಿಂಡಿ ಸೇರಲಿಲ್ಲ. ರಿಸೆಪ್ಷನ್‌ನಲ್ಲಿ ಮಾತ್ರೆ ಕೊಟ್ಟರು, ಜೊತೆಗೆ ಹಸಿರು ಸೇಬು ತಿನ್ನಿ ಅಂದರು. ನಾನು ಶುಂಠಿಗೆ ಸಕ್ಕರೆ ಹಚ್ಚಿ ಕೊಟ್ಟೆ. ಯಾವುದು ಕೆಲಸ ಮಾಡಿತೋ ಗೊತ್ತಿಲ್ಲ, ಮಧ್ಯಾಹ್ನದ ಹೊತ್ತಿಗೆ ಪಿಜ್ಜಾ ಕೌಂಟರಿನ ಮುಂದೆ ನಿಂತಿದ್ದರು.

ಆ ಇಡೀ ದಿನ ನೆಲ ಸಿಗುವುದಿಲ್ಲ. ಬೋರಾಗುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಹಡಗಿನವರಿಗೂ ಅದೇ ಭಯ ಇರಬೇಕು, ಬೆಳಗಿನಿಂದ ರಾತ್ರಿವರೆಗೆ ಏನಾದರೊಂದು ಇಟ್ಟಿರುತ್ತಾರೆ. ಬಿಂಗೋ, ನೃತ್ಯಪಾಠ, ವಜ್ರದ ಹರಳಿನ ಭಾಷಣ (ಅದು ಅಂಗಡಿಗೆ ಕರೆದೊಯ್ಯುವ ಉಪಾಯ, ಬೇರೇನಲ್ಲ), ಕ್ಯಾಸಿನೋ, ಸಂಜೆ ನಾಟಕ. ನಾನು ಒಂದೆರಡಕ್ಕೆ ಹೋಗಿ ಬಂದೆ. ಚೆನ್ನಾಗಿತ್ತು ಅನ್ನಿಸಿದ್ದು ಪ್ರಕೃತಿಯ ಬಗ್ಗೆ ಮಾತಾಡುವ ಹೆಂಗಸಿನ ಉಪನ್ಯಾಸ ಮಾತ್ರ. ತಿಮಿಂಗಿಲ ಹುಡುಕುವುದು ಹೇಗೆ ಅಂತ ಆಕೆ ಹೇಳಿಕೊಟ್ಟರು. ತಿಮಿಂಗಿಲವನ್ನೇ ಹುಡುಕಬೇಡಿ, ಅದು ಬಿಡುವ ಉಸಿರನ್ನು ಹುಡುಕಿ. ದೂರದಲ್ಲಿ ನೀರಿನ ಮೇಲೆ ಹೊಗೆಯ ಹಾಗೆ ಒಂದು ಬಿಳಿ ಮೋಡ ಎದ್ದು ಕರಗುತ್ತದೆ. ಕಂಡ ಕೂಡಲೇ ಆ ಜಾಗದಿಂದ ಕಣ್ಣು ತೆಗೆಯಬೇಡಿ, ಇನ್ನೆರಡು ಮೂರು ಸಲ ಉಸಿರು ಬಿಟ್ಟು ಆಮೇಲೆ ಬಾಲ ಎತ್ತಿ ಮುಳುಗುತ್ತದೆ. ಒಂದು ಸಲ ಬಾಲ ಎತ್ತಿತೆಂದರೆ ಐದಾರು ನಿಮಿಷ ಕಾಯಬೇಕು.

ಈ ಒಂದು ಪಾಠ ನನ್ನ ವಾರವನ್ನೇ ಬದಲಾಯಿಸಿತು. ಹಡಗಿನ ಕೆಳಗಿನ ಒಂದು ಮಹಡಿಯಲ್ಲಿ, ಜೀವರಕ್ಷಕ ದೋಣಿಗಳನ್ನು ತೂಗುಹಾಕಿದ ಕಡೆ, ಹಡಗಿನ ಸುತ್ತ ನಡೆದಾಡಲು ಮರದ ಹಲಗೆಯ ದಾರಿ ಇರುತ್ತದೆ. ಮೇಲಿನ ಮಹಡಿಯ ಈಜುಕೊಳ, ಸಂಗೀತ, ಗಲಾಟೆ ಯಾವುದೂ ಅಲ್ಲಿಗೆ ಬರುವುದಿಲ್ಲ. ನೀರು ಹತ್ತಿರ, ಗಾಳಿ ಕಡಿಮೆ, ಕುರ್ಚಿ ಖಾಲಿ. ನಾನು ಸ್ವೆಟರು, ಅದರ ಮೇಲೆ ಮಳೆ ಜಾಕೆಟ್, ತಲೆಗೆ ಸ್ಕಾರ್ಫ್ ಸುತ್ತಿಕೊಂಡು, ಮೇಲಿನಿಂದ ತಂದ ಬಿಸಿನೀರಿನ ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದೆ. ಮೊಮ್ಮಗನ ಬೈನಾಕ್ಯುಲರ್ ನನ್ನದೇ ಆಗಿಹೋಯಿತು.

ಎರಡನೇ ಬೆಳಗ್ಗೆ ಕಣ್ಣು ಹಾಯಿಸಿದರೆ ಸಮುದ್ರ ಕಿರಿದಾಗಿತ್ತು. ಎರಡೂ ಕಡೆ ಬೆಟ್ಟ, ನೀರಿನ ಅಂಚಿನವರೆಗೂ ಕಡುಹಸಿರು ಕಾಡು, ಮೇಲೆ ಹಿಮ. ಇಡೀ ಆಗ್ನೇಯ ಅಲಾಸ್ಕಾ ಹೀಗೇ. ಸಾವಿರಕ್ಕೂ ಹೆಚ್ಚು ದ್ವೀಪ, ಅವುಗಳ ನಡುವೆ ನೀರಿನ ಓಣಿಗಳು. ಹಿಂದೆ ಹಿಮನದಿಗಳು ಕೊರೆದು ಹೋದ ದಾರಿಗಳಲ್ಲಿ ಈಗ ಸಮುದ್ರ ತುಂಬಿಕೊಂಡಿದೆ. ಕಾಡಿನ ಹೆಸರು ಟಾಂಗಾಸ್, ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲೇ ದೊಡ್ಡದು, ಸುಮಾರು 167 ಲಕ್ಷ ಎಕರೆ. ಅಲೆ ಇಲ್ಲವೇ ಇಲ್ಲ. ಇಷ್ಟು ದೊಡ್ಡ ಹಡಗು ಕೆರೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ಮರದ ತುದಿಯಲ್ಲಿ ಬಿಳಿಚುಕ್ಕೆ ಕಂಡರೆ ಅದು ಬಾಲ್ಡ್ ಈಗಲ್‌ನ ತಲೆ. ಮೊದಲನೆಯದು ಕಂಡಾಗ ಎಲ್ಲರನ್ನೂ ಕೂಗಿ ಕರೆದೆ, ಆಮೇಲೆ ಅದು ನಮ್ಮೂರಿನ ಗರುಡನಷ್ಟೇ ಮಾಮೂಲಾಯಿತು.

ತಿಮಿಂಗಿಲ ಸಿಕ್ಕಿದ್ದು ಜುನೋ ಬಂದರು ತಲುಪುವ ಮುಂಚೆ. ಮೊದಲು ದೂರದಲ್ಲಿ ಆ ಬಿಳಿ ಉಸಿರು. "ರೀ, ಅಲ್ನೋಡಿ" ಅಂದೆ. ಇವರು "ಎಲ್ಲಿ, ಎಲ್ಲಿ" ಅನ್ನುವಷ್ಟರಲ್ಲಿ ಹೋಗಿತ್ತು. ಎರಡನೇ ಉಸಿರಿಗೆ ಇವರೂ ನೋಡಿದರು. ಆಮೇಲೆ ಕಪ್ಪು ಬೆನ್ನು ಬಿಲ್ಲಿನ ಹಾಗೆ ಬಾಗಿ ಮೇಲೆ ಬಂತು, ಬಂತು, ಬರುತ್ತಲೇ ಇತ್ತು, ಕೊನೆಗೆ ಬಾಲ ಎದ್ದು ನೀರು ಸೋರಿಸಿಕೊಂಡು ನೇರ ಕೆಳಗೆ ಹೋಯಿತು. ಬಾಲದ ಅಡಿಯಲ್ಲಿ ಕಪ್ಪು ಬಿಳುಪಿನ ಚಿತ್ತಾರ. ಒಂದೊಂದು ತಿಮಿಂಗಿಲಕ್ಕೂ ಅದು ಬೇರೆ ಬೇರೆ, ಅದರಿಂದಲೇ ಗುರುತು ಹಿಡಿಯುತ್ತಾರಂತೆ. ಚಳಿಗಾಲದಲ್ಲಿ ಹವಾಯಿ ಕಡೆ ಮರಿ ಹಾಕಿ, ಬೇಸಿಗೆಗೆ ಮೀನು ತಿನ್ನಲು ಇಲ್ಲಿಗೆ ಈಜಿ ಬರುತ್ತವೆ. ಮಗಳು ಅಳಿಯ ಜುನೋದಲ್ಲಿ ಇಳಿದು, ತಲೆಗೆ ನೂರೈವತ್ತು ಡಾಲರ್‌ಗೂ ಜಾಸ್ತಿ ಕೊಟ್ಟು ತಿಮಿಂಗಿಲ ನೋಡುವ ದೋಣಿಯಲ್ಲಿ ಹೋಗಿ ಬಂದರು. ಇನ್ನೂ ಹತ್ತಿರದಿಂದ ನೋಡಿದರು, ನಿಜ. ಆದರೆ ಪುಕ್ಕಟೆ ಕಂಡ ನಮ್ಮ ತಿಮಿಂಗಿಲ ಏನೂ ಕಡಿಮೆಯದಲ್ಲ ಅಂತ ನಾನು ಈಗಲೂ ಹೇಳುತ್ತೇನೆ.

ಜುನೋ ಅಲಾಸ್ಕಾದ ರಾಜಧಾನಿ. ರಾಜಧಾನಿಗೆ ಹೊರಗಿನಿಂದ ರಸ್ತೆಯೇ ಇಲ್ಲ ಅಂದರೆ ನಂಬುತ್ತೀರಾ? ಹಡಗಿನಲ್ಲಿ ಬರಬೇಕು, ಇಲ್ಲ ವಿಮಾನದಲ್ಲಿ. ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಹಿಮದ ಬಯಲು. ನಾವಿಬ್ಬರೂ ಬಸ್ಸಿನಲ್ಲಿ ಮೆಂಡೆನ್‌ಹಾಲ್ ಹಿಮನದಿಗೆ ಹೋದೆವು. ಎದುರಿನ ಸರೋವರದ ದಂಡೆಯಲ್ಲಿ ಸುಮಾರು ಒಂದು ಮೈಲಿ ನಡೆದರೆ ನಗೆಟ್ ಜಲಪಾತ, 377 ಅಡಿ. ಹತ್ತಿರ ಹೋದರೆ ಮುಖವೆಲ್ಲ ಒದ್ದೆ. ಹಿಮನದಿ ಮಾತ್ರ ಹಿಂದಕ್ಕೆ ಸರಿದಿದೆ. ಹಳೆಯ ಫೋಟೋಗಳಲ್ಲಿ ಎಲ್ಲಿತ್ತು, ಈಗ ಎಲ್ಲಿದೆ ಅಂತ ಅಲ್ಲಿ ಹಾಕಿದ್ದಾರೆ, ಫೋಟೋ ನೋಡಿ ತಲೆ ಎತ್ತಿದರೆ ಸಂಕಟವಾಗುತ್ತದೆ.

ಇನ್ನು ಊಟ. ಊರಿಗೆ ಬಂದ ಮೇಲೆ ಎಲ್ಲರೂ ಮೊದಲು ಕೇಳಿದ್ದು ಇದನ್ನೇ, ಹಿಮನದಿಯನ್ನಲ್ಲ. ನಾವು ಶಾಕಾಹಾರಿಗಳು. ಮೇಲಿನ ಮಹಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಬಫೆ ಇರುತ್ತದೆ. ಹಣ್ಣು, ಬ್ರೆಡ್ಡು, ಮೊಸರು, ಬೇಯಿಸಿದ ತರಕಾರಿಗೆ ಬರವಿಲ್ಲ. ಒಳಗೆ ಹೋಗುವಾಗ ಬಾಗಿಲಲ್ಲಿ ಒಬ್ಬರು ನಿಂತು "ವಾಷಿ ವಾಷಿ" ಅಂತ ಹಾಡುತ್ತಾ ಕೈಗೆ ಸ್ಯಾನಿಟೈಸರ್ ಹಾಕುತ್ತಾರೆ. ಒಂದು ಹೊಟ್ಟೆನೋವಿನ ಸೋಂಕು ಹೊಕ್ಕರೆ ಇಡೀ ಹಡಗಿಗೇ ಹಬ್ಬುತ್ತದೆ, ಅದಕ್ಕೆ ಅಷ್ಟು ಜಾಗ್ರತೆ. ಆದರೆ ರಾತ್ರಿ ಕೂತು ಉಣ್ಣುವ ದೊಡ್ಡ ಊಟದ ಹಾಲ್‌ನಲ್ಲಿ ಮೊದಲ ದಿನ ನಮಗೆ ಸಿಕ್ಕಿದ್ದು ಬರೀ ಪಾಸ್ತಾ. ಇವರು ಪ್ಲೇಟನ್ನು ನೋಡಿದರು, ನನ್ನನ್ನು ನೋಡಿದರು. ನಾನು ಚೀಲದಿಂದ ಚಟ್ನಿಪುಡಿ ತೆಗೆದೆ.

ಆಗ ಪಕ್ಕದ ಟೇಬಲ್ಲಿಗೆ ನೀರು ಹಾಕುತ್ತಿದ್ದ ಹುಡುಗ ತಿರುಗಿ ನೋಡಿದ. "ಆಂಟಿ, ಕನ್ನಡದವ್ರಾ?"

"ಹೌದಪ್ಪ. ತೀರ್ಥಹಳ್ಳಿ."

"ಓ, ಘಾಟಿ ಮೇಲೆ! ನಂದು ಕಾರ್ಕಳದ ಹತ್ರ."

ಆಗುಂಬೆ ಘಾಟಿ ಇಳಿದರೆ ಅವನೂರು. ಅಷ್ಟು ದೂರದಲ್ಲಿ, ಪೆಸಿಫಿಕ್ ನಡುವೆ, ಘಾಟಿಯ ಮೇಲಿನವರೂ ಕೆಳಗಿನವರೂ ಸಿಕ್ಕಿದ್ದು ನೋಡಿ. ಪ್ರವಾಸಿ ಹಡಗುಗಳಲ್ಲಿ ಗೋವಾ, ಮುಂಬೈ, ಮಂಗಳೂರು ಕಡೆಯ ಹುಡುಗರು ಬಹಳ ಇದ್ದಾರೆ ಎಂದು ಕೇಳಿದ್ದೆ. ಅಡುಗೆಮನೆಯಲ್ಲೂ ಇದ್ದಾರಂತೆ. "ನೀವು ಹಿಂದಿನ ರಾತ್ರಿಯೇ ಹೇಳಬೇಕು ಆಂಟಿ, ನಾಳೆಗೆ ಇಂಡಿಯನ್ ವೆಜ್ ಬೇಕು ಅಂತ. ಎಂತ ಬೇಕು ಹೇಳಿ, ಮಾಡಿಸ್ತೇನೆ. ಬೆಳ್ಳುಳ್ಳಿ ಈರುಳ್ಳಿ ಬೇಡ ಅಂದ್ರೆ ಅದೂ ಆಗ್ತದೆ." ಹೆಡ್ ವೇಟರ್‌ನನ್ನು ಕರೆದು ತಂದ, ಅವರು ಬರೆದುಕೊಂಡರು. ಮರುದಿನದಿಂದ ನಮ್ಮ ಟೇಬಲ್ಲಿಗೆ ದಾಲ್, ಜೀರಾ ರೈಸ್, ಹೂಕೋಸಿನ ಪಲ್ಯ, ಬಿಸಿ ಚಪಾತಿ ಬರತೊಡಗಿತು. ಇದಕ್ಕೆ ಹೆಚ್ಚಿನ ಹಣ ಇಲ್ಲ. ಪಕ್ಕದ ಟೇಬಲ್ಲಿನ ಟೆಕ್ಸಾಸ್ ದಂಪತಿ ಎರಡು ದಿನ ಮೂಗರಳಿಸಿ ನೋಡಿ, ಮೂರನೇ ದಿನ ತಮಗೂ ಅದೇ ಬೇಕು ಅಂದರು. ಒಂದು ಸಂಜೆ ಎಲ್ಲರೂ ಸೂಟು ಗೌನು ಹಾಕಿ ಬರುವ ದಿನ ಇರುತ್ತದೆ. ನಾನು ಮೈಸೂರು ಸಿಲ್ಕ್ ಉಟ್ಟಿದ್ದೆ. ಫೋಟೋ ತೆಗೆಯಲು ಬಂದವರು ನಮ್ಮ ಮಗಳ ಗೌನನ್ನು ತಿರುಗಿಯೂ ನೋಡಲಿಲ್ಲ ಅಂತ ಅವಳಿಗೆ ಇನ್ನೂ ಮುನಿಸು.

ಆ ಹುಡುಗನದ್ದು ಒಂಬತ್ತು ತಿಂಗಳ ಕಾಂಟ್ರ್ಯಾಕ್ಟ್. ವಾರದ ರಜೆ ಅಂತ ಇಲ್ಲ. ಬೇಸಿಗೆ ಮುಗಿದರೆ ಹಡಗು ಕೆರಿಬಿಯನ್ ಕಡೆಗೆ ಹೋಗುತ್ತದೆ, ಇವನೂ ಅದರ ಜೊತೆ. ಹಿಮನದಿ ನೋಡಿದೀಯೇನೋ ಅಂದರೆ, "ನೋಡದೆ ಎಂತ, ಊಟದ ಹಾಲ್‌ನ ಕಿಟಕಿಯಲ್ಲಿ ಕಾಣ್ತದಲ್ಲ, ತಟ್ಟೆ ಎತ್ತುವಾಗ" ಅಂದ.

ಸ್ಕಾಗ್‌ವೇ ಅನ್ನುವುದು ಸಾವಿರದ ಇನ್ನೂರು ಚಿಲ್ಲರೆ ಜನರ ಊರು. ಎರಡು ಮೂರು ಹಡಗು ಒಟ್ಟಿಗೆ ಬಂದು ನಿಂತರೆ ಊರಿನವರಿಗಿಂತ ಪ್ರವಾಸಿಗಳೇ ಹಲವು ಪಟ್ಟು. 1896ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿ, ಮರುವರ್ಷದಿಂದ ಜನ ಇಲ್ಲಿ ಇಳಿದು ಬೆಟ್ಟ ಹತ್ತಿದರು. ಕೆನಡಾದ ಪೊಲೀಸರು ಗಡಿಯಲ್ಲಿ ನಿಂತು, ಒಂದು ವರ್ಷಕ್ಕೆ ಸಾಕಾಗುವಷ್ಟು ಸಾಮಾನು, ಅಂದರೆ ಹೆಚ್ಚುಕಡಿಮೆ ಒಂದು ಟನ್, ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಅಷ್ಟನ್ನು ಹೊತ್ತು ಹೊತ್ತು ಹತ್ತಾರು ಸಲ ಹತ್ತಿ ಇಳಿಯಬೇಕು. ಕುದುರೆಗಳ ಮೇಲೆ ಹೇರಿದರು, ವೈಟ್ ಪಾಸ್ ಎಂಬ ಬೆಟ್ಟದ ದಾರಿಯಲ್ಲಿ ಸುಮಾರು ಮೂರು ಸಾವಿರ ಕುದುರೆ ಸತ್ತವು. 1898ರಲ್ಲಿ ರೈಲು ಹಾಕಲು ಶುರುಮಾಡಿ 1900ಕ್ಕೆ ಮುಗಿಸಿದರು, ಆ ಹೊತ್ತಿಗೆ ಚಿನ್ನದ ಅಬ್ಬರ ಇಳಿದಿತ್ತು. ಆ ನ್ಯಾರೋಗೇಜ್ ರೈಲು ಈಗ ನಮ್ಮಂಥವರನ್ನು ಹೊತ್ತು ಓಡುತ್ತದೆ. ಇಪ್ಪತ್ತು ಮೈಲಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಏರುತ್ತದೆ. ಹೋಗುವಾಗ ಎಡಗಡೆ ಕೂತರೆ ಪ್ರಪಾತ ಕಾಣುತ್ತದೆ. ತಿರುವಿನಲ್ಲಿ ಕೆಳಗೆ ಬಂಡೆಗೆ ಒತ್ತಿಕೊಂಡ ಹಳೆಯ ಕಾಲುದಾರಿ ಇನ್ನೂ ಗೆರೆಯಾಗಿ ಉಳಿದಿದೆ. ದುಬಾರಿಯಾದರೂ, ಬಂದರಿನಲ್ಲಿ ದುಡ್ಡು ಕೊಟ್ಟು ಮಾಡಿದ್ದರಲ್ಲಿ ನನಗೆ ಸಾರ್ಥಕ ಅನಿಸಿದ್ದು ಇದೊಂದೇ. ಉಳಿದಂತೆ ಬಂದರಿನ ಬೀದಿಗಳೆಲ್ಲ ಒಂದೇ ಥರ. ಒಡವೆ ಅಂಗಡಿ, ಟಿ ಶರ್ಟ್ ಅಂಗಡಿ, ಮತ್ತೆ ಒಡವೆ ಅಂಗಡಿ.

ಗ್ಲೇಸಿಯರ್ ಬೇ ದಿನ ನೆಲಕ್ಕೆ ಇಳಿಯುವುದೇ ಇಲ್ಲ. ಈ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಅನುಮತಿ. ಟಿಕೆಟ್ ಮಾಡಿಸುವಾಗ ನಿಮ್ಮ ಹಡಗು ಅಲ್ಲಿಗೆ ಹೋಗುತ್ತದೋ ಇಲ್ಲವೋ ನೋಡಿಕೊಳ್ಳಿ, ಎಲ್ಲ ಹಡಗೂ ಹೋಗುವುದಿಲ್ಲ. ಬೆಳಗ್ಗೆ ಬೇಗ ನಾನು ಕೆಳಗಿನ ಡೆಕ್ಕಿನಲ್ಲಿದ್ದೆ. ಒಂದು ಸಣ್ಣ ದೋಣಿ ಬಂದು ಚಲಿಸುತ್ತಿರುವ ಹಡಗಿಗೆ ಅಂಟಿಕೊಂಡಿತು. ಅಗಲ ಟೋಪಿಯ ಪಾರ್ಕ್ ರೇಂಜರ್‌ಗಳು ಏಣಿ ಹಿಡಿದು ಒಬ್ಬೊಬ್ಬರಾಗಿ ಹತ್ತಿ ಒಳಗೆ ಬಂದರು. ಆಮೇಲೆ ದಿನವಿಡೀ ಧ್ವನಿವರ್ಧಕದಲ್ಲಿ ಅವರದೇ ಮಾತು. ಮೊಮ್ಮಗನಿಗೆ ಒಂದು ಪುಸ್ತಕ ಕೊಟ್ಟು, ಕಂಡ ಪ್ರಾಣಿಗಳನ್ನೆಲ್ಲ ಗುರುತು ಹಾಕಿಸಿ, ಪ್ರಮಾಣ ಹೇಳಿಸಿ ಜೂನಿಯರ್ ರೇಂಜರ್ ಬ್ಯಾಡ್ಜ್ ಕೊಟ್ಟರು. ಅವನು ಅದನ್ನು ಪೈಜಾಮದ ಮೇಲೂ ಹಾಕಿಕೊಂಡು ಮಲಗಿದ.

ರೇಂಜರ್ ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಇಷ್ಟು. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್‌ನ ತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿಯೇ ಇರಲಿಲ್ಲ, ಬಾಯಲ್ಲೇ ಹಿಮದ ಗೋಡೆ. 1879ರಲ್ಲಿ ಜಾನ್ ಮ್ಯೂರ್ ಎಂಬ ಪ್ರಕೃತಿ ಬರಹಗಾರ ದೋಣಿಯಲ್ಲಿ ಬಂದಾಗ ಹಿಮ ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಬಾಯಿಯಿಂದ ತುದಿಯವರೆಗೆ ಸುಮಾರು ಅರವತ್ತೈದು ಮೈಲಿ ನೀರು. ಅದಕ್ಕೂ ಮುಂಚೆ ಇಲ್ಲಿ ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನರ ಊರುಗಳಿದ್ದವು. ಹಿಮನದಿ ಮುಂದೆ ಮುಂದೆ ನುಗ್ಗಿ ಬಂದು ಅವರನ್ನು ಓಡಿಸಿತು. ಅವರು ಜಲಸಂಧಿಯ ಆಚೆ ಹೂನಾ ಊರಿನಲ್ಲಿ ನೆಲೆಸಿದರು. 2016ರಲ್ಲಿ ಉದ್ಯಾನದ ಬಾರ್ಟ್ಲೆಟ್ ಕೋವ್‌ನಲ್ಲಿ ಅವರಿಗಾಗಿ ಮರದ ಕುಲಮನೆಯೊಂದು ಎದ್ದಿದೆ. ಬಂದದ್ದೂ ಹಿಮ, ಹೋದದ್ದೂ ಹಿಮ, ಊರು ಕಳೆದುಕೊಂಡವರು ಇವರು. ಶರಾವತಿಯ ಹಿನ್ನೀರಿನ ಕಡೆ ನಂಟರಿರುವ ನನಗೆ ಅದು ಬೇಗ ಅರ್ಥವಾಯಿತು.

ಒಳಗೆ ಹೋದಂತೆ ಕಾಡು ತೆಳುವಾಯಿತು. ಮೊದಲು ದೊಡ್ಡ ಮರ, ಆಮೇಲೆ ಪೊದೆ, ಆಮೇಲೆ ಬರೀ ಬಂಡೆ. ಹಿಮ ಎಷ್ಟು ತಡವಾಗಿ ಬಿಟ್ಟುಹೋಗಿದೆಯೋ ಅಷ್ಟು ಬೋಳು. ಬೆಟ್ಟದ ಮೇಲೆ ಬಿಳಿ ಚುಕ್ಕೆಗಳು ನಡೆದಾಡುತ್ತಿದ್ದವು, ಬೆಟ್ಟದ ಆಡುಗಳು. ನೀರಲ್ಲಿ ಬೆನ್ನ ಮೇಲೆ ಮಲಗಿ ತೇಲುವ ಕಡಲ ನೀರುನಾಯಿಗಳು. ನೀರಿನ ಬಣ್ಣವೇ ಹಾಲು ಬೆರೆಸಿದ ಹಸಿರು. ಹಿಮನದಿ ಅರೆದು ತಂದ ಕಲ್ಲಿನ ಹುಡಿ ಅದು.

ತುದಿಯಲ್ಲಿ ಎರಡು ಹಿಮನದಿ ಅಕ್ಕಪಕ್ಕ. ಬಲಕ್ಕಿರುವುದು ಗ್ರ್ಯಾಂಡ್ ಪೆಸಿಫಿಕ್. ಮಣ್ಣು ಕಲ್ಲು ಮುಚ್ಚಿ ಕಪ್ಪಾಗಿದೆ. ಇವರು "ಇದೇನು, ಕಲ್ಲುಕ್ವಾರಿ ಅಲ್ವಾ" ಅಂದರು. ಎಡಕ್ಕಿರುವುದು ಮಾರ್ಜರಿ. ಒಂದು ಮೈಲಿ ಅಗಲ, ನೀರಿನ ಮೇಲೆ ಸುಮಾರು 250 ಅಡಿ ಎತ್ತರ. ಎತ್ತರ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಮುಂದೆ ಹಾರುತ್ತಿದ್ದ ಬಿಳಿ ಹಕ್ಕಿಗಳು ಕಡಲೆಹಿಟ್ಟಿನ ಚುಕ್ಕೆಯಷ್ಟು ಕಂಡಾಗ ಒಮ್ಮೆಲೇ ಎದೆ ಝಲ್ಲೆಂದಿತು. ಬಣ್ಣ ನೀಲಿ, ಸೀಳುಗಳ ಒಳಗೆ ಇನ್ನೂ ಕಡುನೀಲಿ. ವರ್ಷಾನುಗಟ್ಟಲೆ ಒತ್ತಿ ಒತ್ತಿ ಗಾಳಿಯೆಲ್ಲ ಹೊರಗೆ ಹೋದ ಗಟ್ಟಿ ಹಿಮ ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಬಿಡುತ್ತದೆ.

ಜನ ಆ ಬದಿಗೊಮ್ಮೆ ಈ ಬದಿಗೊಮ್ಮೆ ಓಡುತ್ತಿದ್ದರು. ಕಾರ್ಕಳದ ಹುಡುಗ ಹಿಂದಿನ ರಾತ್ರಿಯೇ ಹೇಳಿದ್ದ, "ಓಡಬೇಡಿ ಆಂಟಿ, ಕ್ಯಾಪ್ಟನ್ ಹಡಗನ್ನು ನಿಂತಲ್ಲೇ ತಿರುಗಿಸ್ತಾರೆ, ಎಲ್ಲರಿಗೂ ಕಾಣ್ತದೆ." ಹಾಗೇ ಆಯಿತು. ಹಡಗು ಸುಮಾರು ಒಂದು ಗಂಟೆ ಅಲ್ಲೇ ನಿಧಾನ ಸುತ್ತು ಹಾಕಿತು. ಸಂಗೀತ ಇಲ್ಲ, ಬಿಂಗೋ ಇಲ್ಲ. ಸಾವಿರಾರು ಜನ ಇದ್ದೂ ಪಿಸುಮಾತು. ನಡುನಡುವೆ ಹಿಮದೊಳಗಿಂದ ಪಟಾರ್ ಅಂತ ಸದ್ದು. ಸದ್ದು ಬಂದ ಕಡೆ ನೋಡಿದರೆ ಏನೂ ಇಲ್ಲ, ಬಿದ್ದು ಆಗಿರುತ್ತದೆ. ಸದ್ದು ನಮ್ಮನ್ನು ತಲುಪುವುದು ತಡವಾಗಿ ಅಲ್ವಾ? ಹಾಗಾಗಿ ಒಂದೇ ಜಾಗ ಆರಿಸಿಕೊಂಡು ನೋಡುತ್ತಾ ಕೂತೆ. ಮುಂದಕ್ಕೆ ವಾಲಿದ ಒಂದು ಕಂಬ. ಅದರ ಬುಡದಿಂದ ಸಕ್ಕರೆಯ ಹಾಗೆ ಪುಡಿ ಉದುರುತ್ತಿತ್ತು. ಉದುರುವುದು ಜಾಸ್ತಿಯಾಯಿತು. ಆಮೇಲೆ ಇಡೀ ಕಂಬ ಯಾವ ಸದ್ದೂ ಇಲ್ಲದೆ ನಿಂತ ಹಾಗೇ ಕೆಳಗೆ ಜಾರಿತು. ನೀರು ಬಿಳಿಯಾಗಿ ಮೇಲೆದ್ದಿತು. ಆಗ ಬಂತು ಗುಡುಗು, ಎದೆಯೊಳಗೆ ಬಡಿದ ಹಾಗೆ. ಸ್ವಲ್ಪ ಹೊತ್ತಿಗೆ ಅಲೆ ಬಂದು ಹಡಗಿನ ಕೆಳಗೆ ಹಾದುಹೋಯಿತು. ಹಿಮದ ಚೂರುಗಳ ಮೇಲೆ ಮಲಗಿದ್ದ ಸೀಲ್‌ಗಳು ಮೇಲೆ ಕೆಳಗೆ ತೂಗಿದವು, ಒಂದೂ ಏಳಲಿಲ್ಲ.

ಇವರು ನನ್ನ ಪಕ್ಕದಲ್ಲಿದ್ದರು. "ಬಿಸಿನೀರು ಇದೆಯೇನೇ" ಅಂದರು. ಅಷ್ಟೇ ಮಾತು.

ಕೆಚಿಕನ್ ಎಂಬ ಊರಿನಲ್ಲಿ ಮಳೆ. ಅಲ್ಲಿ ಮಳೆ ಇಲ್ಲದ ದಿನವೇ ಅಪರೂಪ. ಬಂದರಿನಲ್ಲಿ ದೊಡ್ಡದೊಂದು ಮಳೆಮಾಪಕದ ಫಲಕ ಹಾಕಿ, 1949ರಲ್ಲಿ 202 ಇಂಚು ಬಿದ್ದದ್ದು ದಾಖಲೆ ಅಂತ ಹೆಮ್ಮೆಯಿಂದ ಬರೆದಿದ್ದಾರೆ. ಇವರು ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ನಕ್ಕರು. ಆಗುಂಬೆಯಲ್ಲಿ ಸಾಧಾರಣ ವರ್ಷಕ್ಕೇ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಬೇರೆಯವರೆಲ್ಲ ಪ್ಲಾಸ್ಟಿಕ್ ಅಂಗಿ ಹೊದ್ದು ಗೊಣಗುತ್ತಿದ್ದರೆ ನಾವಿಬ್ಬರೂ ಕೊಡೆ ಹಿಡಿದು ಆರಾಮಾಗಿ ಊರು ಸುತ್ತಿದೆವು. ಊರ ನಡುವಿನ ಹೊಳೆಯಲ್ಲಿ ಸಾಲ್ಮನ್ ಮೀನು ನೀರಿಗೆ ಎದುರಾಗಿ ನೆಗೆಯುತ್ತಿತ್ತು. ಬಣ್ಣದ ಟೋಟೆಮ್ ಕಂಬಗಳ ಮುಂದೆ ಇವರು ಕೈಮುಗಿಯಲು ಹೋದರು, ಅಲ್ಲಿನ ಮಾರ್ಗದರ್ಶಿ ನಯವಾಗಿ ತಿಳಿಸಿದಳು. ಅವು ದೇವರಲ್ಲ, ಒಂದೊಂದು ಮನೆತನದ ಕಥೆ, ಕೆಳಗಿನಿಂದ ಮೇಲಕ್ಕೆ ಕಾಗೆ, ಹದ್ದು, ಕರಡಿ, ತಿಮಿಂಗಿಲ. ಮನೆತನದ ಕಥೆಗೆ ಕೈಮುಗಿದರೆ ತಪ್ಪೇನು ಅಂದರು ಇವರು. ಅವಳಿಗೆ ನಗು ಬಂತು.

ಕೆನಡಾದ ವೀಸಾಕ್ಕೆ ಅಷ್ಟು ಓಡಾಡಿದ್ದರೂ ವಿಕ್ಟೋರಿಯಾದಲ್ಲಿ ನಾನು ಇಳಿಯಲಿಲ್ಲ. ಮಗಳು ಅಳಿಯ ಹೋಗಿ ದೀಪ ಹಚ್ಚಿದ ಪಾರ್ಲಿಮೆಂಟ್ ಕಟ್ಟಡದ ಫೋಟೋ ತಂದರು. ಇಡೀ ಹಡಗು ಖಾಲಿಯಾಗಿತ್ತು, ನನಗೆ ಡೆಕ್ಕಿನಲ್ಲಿ ಯಾವ ಕುರ್ಚಿ ಬೇಕೋ ಅದು.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ರೂಮಿನ ಹೊರಗಿಡಬೇಕು, ಅವು ರಾತ್ರೋರಾತ್ರಿ ಕೆಳಗೆ ಹೋಗುತ್ತವೆ. ಬೆಳಗ್ಗೆ ಹಾಕುವ ಬಟ್ಟೆ, ಚಪ್ಪಲಿ ಮರೆಯದೆ ತೆಗೆದಿಟ್ಟುಕೊಳ್ಳಿ. ಬಿಲ್ಲು ಮೊಬೈಲಿಗೇ ಬರುತ್ತದೆ. ಅದರಲ್ಲಿ ತಲೆಗೆ ದಿನಕ್ಕೆ ಇಷ್ಟು ಅಂತ ಕೆಲಸಗಾರರ ಟಿಪ್ಸ್ ತಾನಾಗಿ ಸೇರಿರುತ್ತದೆ. ಕೆಲವರು ಕೌಂಟರಿಗೆ ಹೋಗಿ ಅದನ್ನು ತೆಗೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವೈಫೈ ದುಬಾರಿ, ನಾನು ತೆಗೆದುಕೊಳ್ಳಲೇ ಇಲ್ಲ, ಒಂದು ವಾರ ಯಾರೂ ಸತ್ತೆನೋ ಬದುಕಿದೆನೋ ಕೇಳಲಿಲ್ಲ.

ಸಿಯಾಟಲ್‌ನಲ್ಲಿ ಬೆಳಗ್ಗೆ ಏಳಕ್ಕೇ ಜನ ಇಳಿಯತೊಡಗಿದರು. ಹಡಗಿನವರಿಗೆ ಅದು ವಾರದಲ್ಲೇ ಕಷ್ಟದ ದಿನ. ಹಳಬರನ್ನು ಇಳಿಸಿ, ಹಾಸಿಗೆಯೆಲ್ಲ ಬದಲಿಸಿ, ಒಂದು ವಾರದ ದಿನಸಿ ತುಂಬಿಸಿ, ಅದೇ ಸಂಜೆ ಹೊಸಬರ ಜೊತೆ ಮತ್ತೆ ಹೊರಡಬೇಕು. ತಿಂಡಿಗೆ ಹೋದಾಗ ಕಾರ್ಕಳದ ಹುಡುಗ ಮೇಲಿನ ಬಫೆಯಲ್ಲಿ ಸಿಕ್ಕಿದ, ಕೈಯಲ್ಲಿ ತಟ್ಟೆಗಳ ರಾಶಿ. ಚೀಲದಲ್ಲಿ ಒಡೆಯದೆ ಉಳಿದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಪ್ಯಾಕೆಟ್ ತೆಗೆದುಕೊಟ್ಟೆ. ಆಚೆ ಈಚೆ ನೋಡಿ ಜೇಬಿಗೆ ಹಾಕಿಕೊಂಡ.

"ಮಧ್ಯಾಹ್ನ ಮತ್ತೆ ಎರಡು ಸಾವಿರ ಜನ ಹತ್ತುತ್ತಾರೆ ಆಂಟಿ. ಅಷ್ಟರೊಳಗೆ ಇದನ್ನು ರೂಮಿನಲ್ಲಿ ಅಡಗಿಸಿಡಬೇಕು. ನನ್ನ ರೂಮ್‌ಮೇಟ್ ಉಡುಪಿಯವ, ಕಂಡ್ರೆ ಒಂದು ಮಿಡಿ ಉಳಿಸುವುದಿಲ್ಲ."